"ಸ್ಟ್ಯಾಂಡರ್ಡ್ ಕರಾರು, ಎಲ್ಲರೂ ಸಹಿ ಹಾಕಿದ್ದಾರೆ" ಅಂತಾರೆ. ನಾನೂ ಹಾಕಿಬಿಡಲಾ?

ಹೊಸ_ಫಿಸಿಷಿಯನ್:

ನಮಸ್ಕಾರ ಎಲ್ಲರಿಗೂ. ಜನರಲ್ ಮೆಡಿಸಿನ್ ಮುಗಿಸಿ ಮೂರು ತಿಂಗಳಾಯಿತು. ಒಂದು ಖಾಸಗಿ ಆಸ್ಪತ್ರೆಯಿಂದ ಆಫರ್ ಬಂದಿದೆ. ಇದೇ ನನ್ನ ಮೊದಲ ಪೂರ್ಣಾವಧಿ ಕೆಲಸ. ಇಂಟರ್‌ವ್ಯೂ ದಿನ ಮೆಡಿಕಲ್ ಡೈರೆಕ್ಟರ್ ತುಂಬಾ ಪ್ರೀತಿಯಿಂದ ಮಾತಾಡಿದರು. ಆನ್-ಕಾಲ್ (ರಾತ್ರಿ ಕರೆದರೆ ನೋಡಬೇಕಾದ ಸರದಿ) ಎಷ್ಟಿರುತ್ತೆ ಸರ್ ಅಂತ ಕೇಳಿದ್ದಕ್ಕೆ ಪ್ರಿಸ್ಕ್ರಿಪ್ಷನ್ ಪ್ಯಾಡಿನ ಒಂದು ಹಾಳೆ ಹರಿದು, ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ವಾರದ ಚೌಕ ಎಳೆದು, "ನೀವೂ ಸೇರಿ ಐದು ಜನ, ಐದು ರಾತ್ರಿಗೆ ಒಂದು, ಅಷ್ಟೇ" ಅಂತ ತೋರಿಸಿದರು. ಆ ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ.

ಈಗ 19 ಪುಟದ ಕರಾರು ಬಂದಿದೆ. ಅದರಲ್ಲಿ ಐದಕ್ಕೆ ಒಂದು ಅನ್ನುವ ಮಾತೇ ಇಲ್ಲ. "ವಿಭಾಗದ ಅಗತ್ಯಕ್ಕೆ ತಕ್ಕಂತೆ ಸಮಾನವಾಗಿ ಹಂಚಿಕೊಳ್ಳತಕ್ಕದ್ದು" ಅಂತಿದೆ. ನಾನು ಬಿಡಬೇಕಾದರೆ 90 ದಿನದ ನೋಟಿಸ್, ಅವರು ನನ್ನನ್ನು ತೆಗೆಯಬೇಕಾದರೆ 30 ದಿನ. ಬಿಟ್ಟ ಮೇಲೆ ಎರಡು ವರ್ಷ 15 ಕಿಲೋಮೀಟರ್ ಒಳಗೆ ಪ್ರಾಕ್ಟೀಸ್ ಮಾಡುವಂತಿಲ್ಲ. ಜಾಯ್ನಿಂಗ್ ಬೋನಸ್ ಕೊಡುತ್ತಾರೆ, ಆದರೆ ಮೂರು ವರ್ಷದೊಳಗೆ ಬಿಟ್ಟರೆ ಪೂರ್ತಿ ವಾಪಸ್. ಇನ್ಶೂರೆನ್ಸ್ ಬಗ್ಗೆ ಒಂದೇ ಸಾಲು, "ಆಸ್ಪತ್ರೆಯ ಪಾಲಿಸಿಯ ಅನ್ವಯ".

ಎಚ್‌ಆರ್‌ಗೆ ಫೋನ್ ಮಾಡಿದೆ. "ಇದು ಸ್ಟ್ಯಾಂಡರ್ಡ್ ಕರಾರು ಡಾಕ್ಟ್ರೇ, ಎಲ್ಲರೂ ಇದಕ್ಕೇ ಸಹಿ ಹಾಕಿದ್ದಾರೆ, ಶುಕ್ರವಾರದೊಳಗೆ ಕಳಿಸಿ" ಅಂದರು. ನಿಜ ಹೇಳಬೇಕೆಂದರೆ ನನಗೆ ಕೇಳಬೇಕು ಅನಿಸಿರೋದು ಒಂದೇ: ಸಂಬಳ ಶೇಕಡಾ 10 ಜಾಸ್ತಿ ಮಾಡಿ ಅಂತ. ಅದನ್ನು ಕೇಳಿದರೆ ಆಫರ್ ವಾಪಸ್ ತೆಗೆದುಬಿಡುತ್ತಾರಾ? ಮನೆಯಲ್ಲಿ "ಮೊದಲ ಕೆಲಸ, ತಕರಾರು ತೆಗೀಬೇಡ" ಅಂತಿದ್ದಾರೆ.

ರಾತ್ರಿಪಾಳಿ:

ಶೇಕಡಾ 10 ಮರೆತುಬಿಡಿ, ಆ ಆನ್-ಕಾಲ್ ಸಾಲು ನೋಡಿ ನನಗೆ ಹಳೆಯ ಹೊಟ್ಟೆಯುರಿ ಎದ್ದಿತು.

ನನ್ನ ಎರಡನೇ ಕೆಲಸದಲ್ಲಿ ಇದೇ ಪದ ಇತ್ತು, "ಸಮಾನವಾಗಿ". ಸೇರಿದಾಗ ನಾಲ್ಕು ಜನ ಇದ್ದೆವು. ಆರು ತಿಂಗಳಲ್ಲಿ ಒಬ್ಬರು ಫೆಲೋಶಿಪ್‌ಗೆ ಹೋದರು, ಇನ್ನೊಬ್ಬರು ಹೆರಿಗೆ ರಜೆ. ಉಳಿದದ್ದು ಇಬ್ಬರು. ಒಂದು ರಾತ್ರಿ ಬಿಟ್ಟು ಒಂದು ರಾತ್ರಿ, ಹಗಲು ಓಪಿಡಿ ಬೇರೆ. ಮ್ಯಾನೇಜ್‌ಮೆಂಟ್ ಹತ್ತಿರ ಹೋದರೆ ಕರಾರು ತೆಗೆದು ತೋರಿಸಿದರು: "ಸಮಾನವಾಗಿಯೇ ಹಂಚಿದ್ದೀವಲ್ಲ, ನಿಮಗೆ ಅರ್ಧ, ಅವರಿಗೆ ಅರ್ಧ." ಅವರು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ ನೋಡಿ. ಹಾಗೆ ಹನ್ನೊಂದು ತಿಂಗಳು ದುಡಿದೆ. ಒಂದು ದಿನ ಬೆಳಗಿನ ಜಾವ ಐಸಿಯುನಲ್ಲಿ ಪೊಟ್ಯಾಸಿಯಂ ಆರ್ಡರ್ ಬರೆಯುವಾಗ ದಶಮಾಂಶ ಚುಕ್ಕಿ ಬಿಟ್ಟೆ. ನರ್ಸ್ ಸಿಸ್ಟರ್ ಕಣ್ಣಿಗೆ ಬಿತ್ತು, ಬಚಾವಾದೆ. ಅವತ್ತೇ ರಾಜೀನಾಮೆ ಬರೆದೆ.

ಸಮಾನ ಅನ್ನುವ ಪದ ಬೇಡ, ಅಂಕಿ ಬೇಕು. "ತಿಂಗಳಿಗೆ ಇಷ್ಟು ರಾತ್ರಿಗಿಂತ ಜಾಸ್ತಿ ಇಲ್ಲ, ಜಾಸ್ತಿಯಾದರೆ ಪ್ರತಿ ರಾತ್ರಿಗೆ ಇಷ್ಟು ಪ್ರತ್ಯೇಕ ಹಣ." ಎರಡನೇ ಭಾಗ ಇಲ್ಲದಿದ್ದರೆ ಮೊದಲನೆಯದು ಸುಮ್ನೆ. ಹಣ ಕೊಡಬೇಕಾಗಿ ಬಂದಾಗ ಮಾತ್ರ ಅವರಿಗೆ ಹೊಸ ಡಾಕ್ಟರ್ ಬೇಗ ಸಿಗುತ್ತಾರೆ. ಮನೆಯಲ್ಲಿದ್ದು ಫೋನಿಗೆ ಸಿಗಬೇಕಾ, ಆಸ್ಪತ್ರೆಯಲ್ಲೇ ಮಲಗಬೇಕಾ, ಕರೆದರೆ ಎಷ್ಟು ನಿಮಿಷದಲ್ಲಿ ಬರಬೇಕು, ರಾತ್ರಿಪೂರ್ತಿ ಎದ್ದಿದ್ದರೆ ಮಾರನೇ ದಿನ ಓಪಿಡಿ ಇದೆಯಾ ಇಲ್ಲವಾ, ಇದನ್ನೂ ಬರೆಸಿಕೊಳ್ಳಿ. ಅಮೆರಿಕದಲ್ಲಿ 2003ರಿಂದ ರೆಸಿಡೆಂಟ್‌ಗಳಿಗೆ, ಅಂದರೆ ತರಬೇತಿಯಲ್ಲಿರುವ ಡಾಕ್ಟರುಗಳಿಗೆ, ವಾರಕ್ಕೆ 80 ಗಂಟೆಯ ಮಿತಿ ಇದೆ. ತರಬೇತಿ ಮುಗಿದ ಮರುದಿನದಿಂದ ಅದು ಅನ್ವಯಿಸಲ್ಲ, ಗಂಟೆ ಲೆಕ್ಕ ಇಡುವವರೇ ಇರಲ್ಲ. ಕರಾರಿನಲ್ಲಿ ಬರೆಸಿಕೊಂಡಷ್ಟೇ ನಿಮ್ಮ ಪಾಲಿನ ಮಿತಿ.

ಸಹಿಗೆ_ಮುಂಚೆ:

ನಾನು ಡಾಕ್ಟರ್ ಅಲ್ಲ, ವಕೀಲೆ. ಆದರೆ ಯಜಮಾನರು ಸರ್ಜನ್, ಅವರ ಗೆಳೆಯರ ಕರಾರುಗಳೆಲ್ಲ ನಮ್ಮನೆ ಡೈನಿಂಗ್ ಟೇಬಲ್ ಮೇಲೇ ಬರುತ್ತವೆ. ಬಂದವರೆಲ್ಲ ಮೊದಲ ಪುಟದ ಸಂಬಳ ತೋರಿಸಿ "ಇದು ಸರಿಯಾ ಮೇಡಂ" ಅಂತಾರೆ. ನಾನು ಹಿಂದಿನಿಂದ ಓದಲು ಶುರುಮಾಡುತ್ತೇನೆ.

ನಿಮ್ಮ 19 ಪುಟದಲ್ಲಿ ಕೊನೆಕೊನೆಗೆ ಒಂದು ಸಾಲು ಇದ್ದೇ ಇರುತ್ತದೆ, ನೋಡಿ: "ಇದೇ ಸಂಪೂರ್ಣ ಒಪ್ಪಂದ, ಹಿಂದಿನ ಎಲ್ಲ ಮಾತುಕತೆಗಳು ಇದರಲ್ಲಿ ಸೇರಿಹೋಗಿವೆ" ಅನ್ನುವ ಅರ್ಥದ್ದು. ಆ ಸಾಲಿಗೆ ಸಹಿ ಹಾಕಿದ ಮೇಲೆ ನಿಮ್ಮ ಪರ್ಸಿನಲ್ಲಿರುವ ಪೆನ್ಸಿಲ್ ಚೀಟಿಯನ್ನು ನಂಬಿಕೊಂಡು ಕೂರುವಂತಿಲ್ಲ. ಡೈರೆಕ್ಟರ್ ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಅವರು ಮನಸಾರೆ ಹೇಳಿರಬಹುದು. ಆದರೆ ಎರಡು ವರ್ಷದ ನಂತರ ಆ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಾರೆ, ಅಲ್ವಾ? ಆದ್ದರಿಂದ ಬಾಯಲ್ಲಿ ಹೇಳಿದ್ದನ್ನೆಲ್ಲ ಒಂದು ಅನುಬಂಧವಾಗಿ ಹಾಕಿಸಿ, ಮುಖ್ಯ ಕರಾರಿನಲ್ಲಿ ಆ ಅನುಬಂಧದ ಹೆಸರೂ ಬರಲಿ. ಜೊತೆಗೆ "ಆಸ್ಪತ್ರೆಯ ನಿಯಮಗಳು, ಕಾಲಕಾಲಕ್ಕೆ ಬದಲಾದಂತೆ, ಅನ್ವಯಿಸುತ್ತವೆ" ಅಂತ ಇದ್ದರೆ ಆ ನಿಯಮಗಳ ಪುಸ್ತಕ ಕೊಡಿ ಅಂತ ಕೇಳಿ. ಓದದ ಪುಸ್ತಕಕ್ಕೂ ನೀವು ಸಹಿ ಹಾಕುತ್ತಿದ್ದೀರಿ.

ಇನ್ನು ಬಿಡುವ ದಿನದ ವಿಷಯ. 90 ಮತ್ತು 30 ಅನ್ನುವುದು ಬರೀ ಮರ್ಯಾದೆ ಪ್ರಶ್ನೆ ಅಲ್ಲ. ಕಾರಣ ಹೇಳದೆ 30 ದಿನದಲ್ಲಿ ತೆಗೆಯಬಹುದು ಅಂದರೆ, ನಿಮ್ಮದು ಮೂರು ವರ್ಷದ ಕರಾರು ಅಂತ ಮೇಲೆ ಬರೆದಿದ್ದರೂ ಅದು ನಿಜವಾಗಿ 30 ದಿನದ ಕರಾರು. ಈಗ ಅದನ್ನು 15 ಕಿಲೋಮೀಟರ್ ಜೊತೆ ಸೇರಿಸಿ ಓದಿ. ಅವರೇ ನಿಮ್ಮನ್ನು ತೆಗೆದುಹಾಕಿ, ಅವರೇ ಹತ್ತಿರದಲ್ಲಿ ಎಲ್ಲೂ ಕೆಲಸ ಮಾಡಬೇಡ ಅನ್ನಬಹುದು. ಬೋನಸ್ ಜೊತೆಗೂ ಸೇರಿಸಿ ಓದಿ. "ಬಿಟ್ಟರೆ" ಅಂತ ಇದೆಯಾ, "ಕರಾರು ಕೊನೆಗೊಂಡರೆ" ಅಂತ ಇದೆಯಾ? ಎರಡನೆಯದಾದರೆ ಅವರು ತೆಗೆದರೂ ನೀವೇ ಹಣ ವಾಪಸ್ ಕೊಡಬೇಕು. ಒಂದೊಂದಾಗಿ ಓದಿದರೆ ಇವೆಲ್ಲ ಪರವಾಗಿಲ್ಲ ಅನಿಸುತ್ತವೆ, ಒಟ್ಟಿಗೆ ಓದಿದಾಗಲೇ ಹಗ್ಗ ಕಾಣುವುದು.

ಈ 15 ಕಿಲೋಮೀಟರ್ ತರದ ಷರತ್ತಿಗೆ ನಾನ್-ಕಾಂಪೀಟ್ ಅಂತಾರೆ. ಅದು ನಡೆಯುತ್ತಾ ಇಲ್ಲವಾ ಅನ್ನುವುದು ನೀವಿರುವ ದೇಶದ ಮೇಲೆ. ಭಾರತದಲ್ಲಿ 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಇದೆ, ಕೆಲಸ ಬಿಟ್ಟ ಮೇಲೆ ದುಡಿಮೆಗೆ ಅಡ್ಡಹಾಕುವ ಷರತ್ತನ್ನು ಕೋರ್ಟುಗಳು ಸಾಮಾನ್ಯವಾಗಿ ಎತ್ತಿಹಿಡಿಯಲ್ಲ. ಕ್ಯಾಲಿಫೋರ್ನಿಯಾದಲ್ಲೂ ಹೆಚ್ಚುಕಡಿಮೆ ಅದೇ ಕಥೆ. ಜರ್ಮನಿಯಲ್ಲಿ ಷರತ್ತು ಹಾಕಬಹುದು, ಗರಿಷ್ಠ ಎರಡು ವರ್ಷ, ಆದರೆ ಅಷ್ಟೂ ದಿನ ಕೊನೆಯ ಸಂಬಳದ ಕನಿಷ್ಠ ಅರ್ಧ ಕೊಡಬೇಕು. ಅಮೆರಿಕದ ಬೇರೆ ಎಷ್ಟೋ ರಾಜ್ಯಗಳಲ್ಲಿ ಸಮಂಜಸ ಅನಿಸಿದರೆ ನಡೆಯುತ್ತದೆ. "ಹೇಗೂ ಕೋರ್ಟಲ್ಲಿ ನಿಲ್ಲಲ್ಲ, ಸಹಿ ಹಾಕಿ" ಅನ್ನುವವರ ಮಾತು ಮಾತ್ರ ಕೇಳಬೇಡಿ. ನಿಲ್ಲದ ಷರತ್ತನ್ನು ತೋರಿಸಿ ಬರೆದ ಒಂದು ಲಾಯರ್ ನೋಟಿಸ್ ಸಾಕು, ನಿಮ್ಮ ಹೊಸ ಆಸ್ಪತ್ರೆ ಹೆದರಿ ಸುಮ್ಮನಾಗುತ್ತದೆ. ತೆಗೆಸಲು ಆಗದಿದ್ದರೆ ಕಡಿಮೆ ಮಾಡಿಸಿ: ಆರು ತಿಂಗಳು, ಮೂರು ಕಿಲೋಮೀಟರ್, ಅದೂ ನೀವೇ ಬಿಟ್ಟಾಗ ಮಾತ್ರ. ಕಿಲೋಮೀಟರ್ ಎಲ್ಲಿಂದ ಅಳೆಯಬೇಕು ಅಂತಲೂ ನೋಡಿ. "ಸಂಸ್ಥೆಯ ಯಾವುದೇ ಶಾಖೆಯಿಂದ" ಅಂತಿದ್ದರೆ ನಕ್ಷೆ ಬಿಡಿಸಿ ನೋಡಿ, ಊರೇ ಮುಚ್ಚಿಹೋಗಿರುತ್ತದೆ.

ಇನ್ಶೂರೆನ್ಸ್ ಬಗ್ಗೆ ಬೇರೆ ಬರೆಯುತ್ತೇನೆ, ಕಕ್ಷಿದಾರರು ಬಂದರು.

ಮಾತ್ರೆಚೀಟಿ:

"ಎಲ್ಲರೂ ಸಹಿ ಹಾಕಿದ್ದಾರೆ" ಅಂದರೆ ಎಲ್ಲರೂ ಓದಿದ್ದಾರೆ ಅಂತಲ್ಲ. ನಾನೂ ಓದದೇ ಹಾಕಿದ ಗುಂಪಿನವನೇ.

ಹೊಲಿಗೆಸರ್ಜನ್:

ಎಲ್ಲರೂ ಸಂಬಳ ಬಿಡಿ ಅಂತಿದ್ದೀರಿ, ನಾನು ಒಪ್ಪಲ್ಲ. ಮುಂದಿನ ಹತ್ತು ವರ್ಷದ ಪ್ರತಿ ಏರಿಕೆಯೂ ಈ ಮೊದಲ ಅಂಕಿಯ ಮೇಲೇ ಕೂರುತ್ತದೆ. ಮುಂದಿನ ಆಸ್ಪತ್ರೆಯೂ ಮೊದಲು ಕೇಳುವುದು "ಈಗ ಎಷ್ಟು ಕೊಡುತ್ತಿದ್ದಾರೆ" ಅಂತ. ಕೇಳಿ ತಮ್ಮಾ, ನಾಚಿಕೆ ಬೇಡ. ಆದರೆ ಶೇಕಡಾ 10 ಅಂತ ಗಾಳಿಯಲ್ಲಿ ಕೇಳಬೇಡಿ. ನಿಮ್ಮ ಬ್ಯಾಚ್‌ನ ನಾಲ್ಕು ಜನಕ್ಕೆ ಎಷ್ಟು ಸಿಕ್ಕಿದೆ ಅಂತ ವಿಚಾರಿಸಿ. ನಮ್ಮ ವೃತ್ತಿಯಲ್ಲಿ ಸಂಬಳ ಹೇಳಿಕೊಳ್ಳುವುದು ಅಂದರೆ ಏನೋ ಪಾಪ ಮಾಡಿದ ಹಾಗೆ ಆಡುತ್ತೇವೆ, ಅದರ ಲಾಭ ಎಚ್‌ಆರ್‌ಗೆ.

ನಿಮ್ಮದು ಫಿಕ್ಸೆಡ್ ಮಾತ್ರವಾ, ಮೇಲೆ ಇನ್ಸೆಂಟಿವ್ ಇದೆಯಾ? ಇದ್ದರೆ ಅಲ್ಲೇ ಆಟ. ನನಗೆ "ಆದಾಯದ ಶೇಕಡಾ 20" ಅಂತ ಬರೆದುಕೊಟ್ಟಿದ್ದರು. ಕುಣಿದಾಡಿದೆ. ಮೊದಲ ಸ್ಟೇಟ್‌ಮೆಂಟ್ ಬಂದಾಗ ಗೊತ್ತಾಯಿತು ಆದಾಯ ಅಂದರೆ ಏನು ಅಂತ. ನಾನು 100 ಬಿಲ್ ಮಾಡಿದ್ದೆ. ಇನ್ಶೂರೆನ್ಸ್ ಕಂಪನಿ ಕತ್ತರಿಸಿ ಕೈಗೆ ಬಂದದ್ದು 70. ಅದರಲ್ಲಿ ಔಷಧಿ, ದಾರ, ಮೆಶ್ ಎಲ್ಲ ಕಳೆದು 50. ಅದರ ಶೇಕಡಾ 20 ಅಂದರೆ 10. ನಾನು ಮನಸ್ಸಿನಲ್ಲಿ 20 ಅಂದುಕೊಂಡು ಕಾರಿನ ಕಂತು ಶುರುಮಾಡಿದ್ದೆ! ಶೇಕಡಾವಾರು ಎಷ್ಟು ಅನ್ನುವುದಕ್ಕಿಂತ ಯಾವುದರ ಶೇಕಡಾವಾರು ಅನ್ನುವುದನ್ನು ಬರೆಸಿಕೊಳ್ಳಿ. ಬಿಲ್ ಮಾಡಿದ್ದಾ, ವಸೂಲಾದದ್ದಾ, ಏನೇನು ಕಳೆಯುತ್ತಾರೆ, ಲೆಕ್ಕ ನೋಡುವ ಹಕ್ಕು ನನಗಿದೆಯಾ. ವಸೂಲಿ ಆಗದಿದ್ದರೆ ಅದು ಬಿಲ್ಲಿಂಗ್ ವಿಭಾಗದ ಸೋಮಾರಿತನ, ಅದಕ್ಕೆ ನನ್ನ ಸಂಬಳ ಯಾಕೆ ಕಡಿಮೆಯಾಗಬೇಕು? ಅಮೆರಿಕದಲ್ಲಿ ಆರ್‌ವಿಯು ಲೆಕ್ಕ ಓಡುವುದು ಇದೇ ಕಾರಣಕ್ಕೆ. 1992ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ತಂದ ಅಳತೆ ಅದು. ಪ್ರತಿ ಕೆಲಸಕ್ಕೆ ಇಷ್ಟು ಯೂನಿಟ್ ಅಂತ. ಆಸ್ಪತ್ರೆ ಅದರ ಮೇಲೆ ಸಂಬಳ ಕಟ್ಟಿದರೆ, ರೋಗಿ ಹಣ ಕೊಟ್ಟರೂ ಬಿಟ್ಟರೂ ಮಾಡಿದ ಕೆಲಸ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು. ಕೆಲಸ ಬಿಟ್ಟ ದಿನ ಬಾಕಿ ಇರುವ ಬಿಲ್ಲುಗಳ ಪಾಲು ಯಾರಿಗೆ? ನನ್ನ ಕರಾರಿನಲ್ಲಿ ಇದರ ಬಗ್ಗೆ ಏನೂ ಇರಲಿಲ್ಲ. ನಾಲ್ಕು ತಿಂಗಳ ಆಪರೇಷನ್‌ಗಳ ಹಣ ಹಾಗೇ ಹೋಯಿತು.

ಮೇಜಿನ_ಆಚೆ:

ನಾನು ಹನ್ನೆರಡು ವರ್ಷ ಮೆಡಿಕಲ್ ಸೂಪರಿಂಟೆಂಡೆಂಟ್ ಆಗಿದ್ದೆ, ಆಚೆ ಬದಿ ಕೂತು ಇಂಥ ಕರಾರು ಕೊಟ್ಟವನು. ಬೈಸಿಕೊಳ್ಳಲು ತಯಾರಾಗಿಯೇ ಬರೆಯುತ್ತಿದ್ದೇನೆ.

ಆಫರ್ ವಾಪಸ್ ತೆಗೆಯುತ್ತಾರಾ ಅಂದಿರಿ. ಕೇಳಿದ ಕಾರಣಕ್ಕೆ ನಾವು ವಾಪಸ್ ತೆಗೆದದ್ದು ನನಗೆ ನೆನಪಿರುವಂತೆ ಒಂದೇ ಸಲ, ಅದೂ ಆ ಪುಣ್ಯಾತ್ಮ ಇಲ್ಲದ ಇನ್ನೊಂದು ಆಫರ್ ತೋರಿಸಿ ಸಿಕ್ಕಿಬಿದ್ದಿದ್ದರು. ಒಬ್ಬ ಫಿಸಿಷಿಯನ್‌ನನ್ನು ಹುಡುಕಿ, ಇಂಟರ್‌ವ್ಯೂ ಮಾಡಿ, ಕಮಿಟಿಯಲ್ಲಿ ಒಪ್ಪಿಸಿ ಕರಾರಿನವರೆಗೆ ತರುವಷ್ಟರಲ್ಲಿ ನಮಗೂ ಸುಸ್ತಾಗಿರುತ್ತದೆ. ಮತ್ತೆ ಮೊದಲಿಂದ ಶುರುಮಾಡಲು ಯಾರಿಗೂ ಇಷ್ಟ ಇರಲ್ಲ. ಶುಕ್ರವಾರ ಅನ್ನುವುದೂ ಅಷ್ಟೇ. "ಓದಲು ಹತ್ತು ದಿನ ಬೇಕು" ಅಂತ ಒಂದು ಸಾಲು ಬರೆಯಿರಿ, ಕೊಡುತ್ತಾರೆ.

ಎಚ್‌ಆರ್ ಹುಡುಗಿಯನ್ನು ಬೈಯಬೇಡಿ ಪಾಪ. ಆಕೆಗೆ ಒಂದು ಅಲ್ಪವಿರಾಮ ಬದಲಿಸುವ ಅಧಿಕಾರವೂ ಇಲ್ಲ, ಅದಕ್ಕೇ ಸ್ಟ್ಯಾಂಡರ್ಡ್ ಅನ್ನುವುದು. ಸೀದಾ ಡೈರೆಕ್ಟರ್‌ಗೆ ಫೋನ್ ಮಾಡಿ. ಮುಖ್ಯ ಕರಾರಿನ ಪಠ್ಯ ಬದಲಿಸಬೇಕೆಂದರೆ ಲೀಗಲ್‌ಗೆ ಹೋಗಬೇಕು, ಅಲ್ಲಿ ವಾರಗಟ್ಟಲೆ ಕೂರುತ್ತದೆ. ಸಂಬಳದ ಸ್ಕೇಲ್ ಮುಟ್ಟಬೇಕೆಂದರೆ ಫೈನಾನ್ಸ್ ಎದ್ದು ನಿಲ್ಲುತ್ತದೆ, ಯಾಕೆಂದರೆ ನಿಮಗೆ ಕೊಟ್ಟರೆ ಉಳಿದ ನಾಲ್ವರೂ ಬಾಗಿಲು ತಟ್ಟುತ್ತಾರೆ. ಅನುಬಂಧ ಹಾಗಲ್ಲ. ಆನ್-ಕಾಲ್ ಸಂಖ್ಯೆ, ಓಪಿಡಿ ದಿನಗಳು, ಯಾವ ಶಾಖೆ, ಕಾನ್ಫರೆನ್ಸ್ ರಜೆ, ಇವೆಲ್ಲ ನನ್ನ ಸಹಿಯಲ್ಲೇ ಮುಗಿಯುತ್ತಿದ್ದವು. ಮೇಡಂ ಹೇಳಿದ ದಾರಿ ಕಾನೂನಿಗೂ ಸರಿ, ಕಚೇರಿಗೂ ಸುಲಭ.

ಹದಿನಾಲ್ಕು ತಿದ್ದುಪಡಿ ಕಳಿಸಬೇಡಿ. ಹಾಗೆ ಬಂದ ಮೇಲ್ ನೋಡಿದರೆ ಈ ಮನುಷ್ಯನ ಜೊತೆ ದಿನಾ ಹೇಗಪ್ಪಾ ಅನಿಸುತ್ತದೆ. ನಾಲ್ಕು ಕೇಳಿ, ಯಾವುದು ಇಲ್ಲದಿದ್ದರೆ ನೀವು ಬರಲ್ಲ ಅನ್ನುವುದು ನಿಮ್ಮ ಮನಸ್ಸಿನಲ್ಲಿ ಮೊದಲೇ ಗೊತ್ತಿರಲಿ. ಸಂಬಳ ಕೇಳುವುದಿದ್ದರೆ ಅದನ್ನೂ ಈ ನಾಲ್ಕರ ಜೊತೆಗೇ ಕೇಳಿ. ಎಲ್ಲ ಒಪ್ಪಿದ ಮೇಲೆ "ಇನ್ನೊಂದು ವಿಷಯ ಸರ್" ಅಂತ ಬಂದರೆ ನನಗೆ ಸಿಟ್ಟೇ ಬರುತ್ತಿತ್ತು. ಫೋನಿನಲ್ಲಿ ಮಾತಾಡಿದ ದಿನವೇ "ನಾವು ಮಾತಾಡಿದ್ದು ಹೀಗೆ" ಅಂತ ಒಂದು ಮೇಲ್ ಹಾಕಿ. ಆ ಚೀಟಿಯ ಫೋಟೋ ಸೇರಿಸಬೇಡಿ, ಅವಮಾನ ಆಗುತ್ತದೆ. "ತಾವು ಇಂಟರ್‌ವ್ಯೂನಲ್ಲಿ ಹೇಳಿದ ಹಾಗೆ ಐದಕ್ಕೆ ಒಂದು" ಅಂದರೆ ಸಾಕು, ಅವರಿಗೆ ನೆನಪಿರುತ್ತದೆ. ಸಹಿಯಾದ ಪ್ರತಿ ಕೈಗೆ ಬರುವವರೆಗೆ ಬೇರೆ ಆಫರ್ ಇದ್ದರೆ ಬಿಡಬೇಡಿ.

ಸಹಿಗೆ_ಮುಂಚೆ:

ಬಂದೆ. ಇನ್ಶೂರೆನ್ಸ್.

ವೃತ್ತಿ ಹೊಣೆಗಾರಿಕೆ ಪಾಲಿಸಿ ಎರಡು ತರ. ಒಂದು, ಘಟನೆ ನಡೆದ ದಿನ ಪಾಲಿಸಿ ಇದ್ದರೆ ಸಾಕು, ಕೇಸು ಯಾವಾಗ ಬಂದರೂ ರಕ್ಷಣೆ. ಇದು ಅಕರೆನ್ಸ್. ಇನ್ನೊಂದು ಕ್ಲೇಮ್ಸ್-ಮೇಡ್, ಕೇಸು ಬಂದ ದಿನ ಪಾಲಿಸಿ ಚಾಲ್ತಿಯಲ್ಲಿರಬೇಕು. ಎರಡನೆಯದಾಗಿದ್ದರೆ, ನೀವು ಇವತ್ತು ನೋಡಿದ ರೋಗಿ, ನೀವು ಕೆಲಸ ಬಿಟ್ಟ ಎಂಟು ತಿಂಗಳಿಗೆ ಕೇಸು ಹಾಕಿದರೆ, ಆಸ್ಪತ್ರೆಯ ಪಾಲಿಸಿಯಲ್ಲಿ ನಿಮ್ಮ ಹೆಸರಿಲ್ಲ, ಹೊಸ ಪಾಲಿಸಿ ಹಳೆಯ ಘಟನೆಯನ್ನು ಮುಟ್ಟಲ್ಲ. ನಡುವಿನ ಗುಂಡಿಗೆ ನೀವು ಬಿದ್ದಿರಿ. ಆ ಗುಂಡಿ ಮುಚ್ಚಲು ಟೇಲ್ ಕವರ್ ಅಂತ ಕೊಳ್ಳಬೇಕು. ಅಮೆರಿಕದಂಥ ಕಡೆ ಅದಕ್ಕೆ ಸಾಮಾನ್ಯವಾಗಿ ವರ್ಷದ ಪ್ರೀಮಿಯಂನ ಒಂದೂವರೆ, ಎರಡು ಪಟ್ಟು ಆಗುತ್ತದೆ. ಇಲ್ಲವೇ ಹೊಸ ಪಾಲಿಸಿಗೆ ಹಿಂದಿನ ದಿನಾಂಕದಿಂದ ರಕ್ಷಣೆ ಕೊಡಲು ಒಪ್ಪಿಸಬೇಕು. ಯಾವ ತರದ ಪಾಲಿಸಿ, ಬಿಟ್ಟ ಮೇಲೆ ಟೇಲ್ ಯಾರ ಖರ್ಚು, ಈ ಎರಡು ಕೇಳಿ.

ಇನ್ನೊಂದು, "ಇಂಡೆಮ್ನಿಟಿ" ಅನ್ನುವ ತಲೆಬರಹ ಹುಡುಕಿ. "ವೈದ್ಯರ ಕೆಲಸದಿಂದ ಆಸ್ಪತ್ರೆಗೆ ಆಗುವ ಯಾವುದೇ ನಷ್ಟವನ್ನು ವೈದ್ಯರೇ ತುಂಬಿಕೊಡತಕ್ಕದ್ದು" ಅಂತ ಇದ್ದರೆ ಅಲ್ಲೇ ನಿಲ್ಲಿ. ಕರಾರಿನ ಮೂಲಕ ತಾನಾಗಿ ಮೈಮೇಲೆ ಎಳೆದುಕೊಂಡ ಹೊಣೆಯನ್ನು ಎಷ್ಟೋ ಪಾಲಿಸಿಗಳು ಹೊರಗಿಡುತ್ತವೆ. ಅಂದರೆ ಪಾಲಿಸಿ ಇದ್ದೂ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಇದೊಂದು ಸಾಲು ತೆಗೆಯದಿದ್ದರೆ ನಾನಾಗಿದ್ದರೆ ಸಹಿ ಹಾಕಲ್ಲ, ಸಂಬಳ ಎಷ್ಟೇ ಇರಲಿ.

@ರಾತ್ರಿಪಾಳಿ, ನೀವು ಕೇಳಿದ ಆಸ್ಪತ್ರೆಯಲ್ಲೇ ಮಲಗುವ ಪ್ರಶ್ನೆಗೆ ಯುರೋಪಿನ ಕೋರ್ಟು ಉತ್ತರ ಕೊಟ್ಟಿದೆ. 2000ದಲ್ಲಿ ಸ್ಪೇನಿನ ವೈದ್ಯರ ಕೇಸು, 2003ರಲ್ಲಿ ಜರ್ಮನಿಯ ಒಬ್ಬ ವೈದ್ಯರ ಕೇಸು. ಆಸ್ಪತ್ರೆಯಲ್ಲೇ ಇರಬೇಕಾದರೆ ನಿದ್ದೆ ಮಾಡಿದರೂ ಅದು ಕೆಲಸದ ಸಮಯವೇ ಅಂತ. ಅಲ್ಲಿಯವರಿಗೆ ಕಾನೂನು ಇದೆ, ಉಳಿದವರು ಕರಾರಿನಲ್ಲಿ ಕೇಳಿ ಪಡೆಯಬೇಕು.

ಹೊಸ_ಫಿಸಿಷಿಯನ್:

ಹನ್ನೊಂದು ದಿನ ಆಯಿತು, ಬಂದು ಹೇಳಲೇಬೇಕು ಅನಿಸಿತು.

ಡೈರೆಕ್ಟರ್‌ಗೆ ಫೋನ್ ಮಾಡುವ ಮುಂಚೆ ಕೈ ನಡುಗುತ್ತಿತ್ತು, ರೋಗಿಯ ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ನಳಿಕೆ ಹಾಕುವಾಗಲೂ ಹಾಗೆ ನಡುಗಿರಲಿಲ್ಲ. ನಾಲ್ಕೇ ಕೇಳಿದೆ. ಆನ್-ಕಾಲ್‌ಗೆ ತಿಂಗಳಿಗೆ ಆರು ರಾತ್ರಿಯ ಮಿತಿ, ಮೇಲಾದರೆ ಪ್ರತ್ಯೇಕ ಹಣ. ನೋಟಿಸ್ ಇಬ್ಬರಿಗೂ 60 ದಿನ. ಬೋನಸ್‌ನಲ್ಲಿ ವಾಪಸ್ ಕೊಡಬೇಕಾದ ಮೊತ್ತ ಪ್ರತಿ ತಿಂಗಳಿಗೆ ಇಷ್ಟಿಷ್ಟು ಅಂತ ಕರಗುತ್ತಾ ಹೋಗಬೇಕು, ಅವರೇ ತೆಗೆದರೆ ವಾಪಸ್ ಇಲ್ಲ. ಇಂಡೆಮ್ನಿಟಿ ಸಾಲು ತೆಗೆಯಬೇಕು (ಇತ್ತು! 14ನೇ ಪುಟದಲ್ಲಿ, ಮೇಡಂ ಹೇಳಿದ ಹಾಗೇ). ಸಂಬಳ ಕೇಳಲೇ ಇಲ್ಲ, ಸರ್ಜನ್ ಸರ್ ಬೈಯಬೇಡಿ, ವಿಚಾರಿಸಿದಾಗ ನನ್ನ ಬ್ಯಾಚಿನ ಮೂವರಿಗಿಂತ ನನಗೇ ಸ್ವಲ್ಪ ಜಾಸ್ತಿ ಇತ್ತು.

ಮೊದಲ ಎರಡಕ್ಕೆ ಅಲ್ಲೇ ಹೂಂ ಅಂದರು. ಬೋನಸ್‌ಗೆ ಫೈನಾನ್ಸ್ ಕೇಳಿ ಒಪ್ಪಿದರು. ಇಂಡೆಮ್ನಿಟಿಗೆ ಒಂದು ವಾರ ಎಳೆದಾಡಿ, ಪೂರ್ತಿ ತೆಗೆಯದೆ "ಇನ್ಶೂರೆನ್ಸ್ ರಕ್ಷಣೆಯ ಮಿತಿಯೊಳಗೆ ಮಾತ್ರ" ಅಂತ ಸೇರಿಸಿದರು. ಪಾಲಿಸಿ ಅಕರೆನ್ಸ್ ತರದ್ದೇ ಅಂತ ಬರೆದುಕೊಟ್ಟರು. ನಾನ್-ಕಾಂಪೀಟ್ ಹಾಗೇ ಉಳಿಯಿತು, ಅದಕ್ಕೆ ನಾನು ಜಗಳ ಆಡಲಿಲ್ಲ, ನಾಲ್ಕು ವರ್ಷದ ನಂತರ ಇಲ್ಲೇ ಇರುತ್ತೇನೆ ಅಂತ ನನಗೇ ಗ್ಯಾರಂಟಿ ಇಲ್ಲ.

ಅನುಬಂಧ ಅಂದರೆ ಅರ್ಧ ಪುಟ. ಡೈರೆಕ್ಟರ್ ಎದುರಿಗೇ ಸಹಿ ಹಾಕಿ, "ಇಷ್ಟಕ್ಕೆ ಇಷ್ಟು ಹೆದರಿದ್ರಾ?" ಅಂತ ನಕ್ಕರು.

ಸಹಿಗೆ_ಮುಂಚೆ:

ಒಳ್ಳೆಯದಾಯಿತು. ಎರಡೂ ಪ್ರತಿಗೆ ಹಾಕಿದರಾ?

ಹೊಸ_ಫಿಸಿಷಿಯನ್:

ಒಂದಕ್ಕೆ ಹಾಕಿದರು. ಅದು ಎಚ್‌ಆರ್ ಫೈಲಿನಲ್ಲಿದೆ. ನನ್ನ ಹತ್ತಿರ ಸಹಿ ಇಲ್ಲದ ಪ್ರಿಂಟ್ ಇದೆ.

ಸಹಿಗೆ_ಮುಂಚೆ:

ಡಾಕ್ಟ್ರೇ, ಈಗಲೇ ಎದ್ದು ಹೋಗಿ.